ಹಲ್ಲು ಬರುವ ಹೊತ್ತಿನ ಭೇದಿ

ಮಗುವಿಗೆ ಏಳೆಂಟು ತಿಂಗಳು. ರಾತ್ರಿ ಕುಡಿದ ಹಾಲನ್ನೆಲ್ಲ ಕಕ್ಕಿಕೊಂಡಿತು, ಬೆಳಗಾಗುವಷ್ಟರಲ್ಲಿ ನೀರಿನಂಥ ಭೇದಿ ಶುರುವಾಯಿತು. ಮನೆಯಲ್ಲಿ ಹಿರಿಯರಿದ್ದರೆ ಈ ಮಾತು ಬಂದೇ ಬರುತ್ತದೆ: 'ಹಲ್ಲು ಬರೋ ಹೊತ್ತು, ಹಾಗೇ ಆಗುತ್ತೆ ಬಿಡು.' ತಲೆಮಾರುಗಳಿಂದ ಮಕ್ಕಳನ್ನು ಸಾಕಿದವರ ಗಮನಿಕೆ ಅದು, ತಳ್ಳಿಹಾಕುವಂಥದ್ದಲ್ಲ. ವಯಸ್ಸನ್ನು ಅವರು ಸರಿಯಾಗಿಯೇ ಹಿಡಿದಿದ್ದಾರೆ. ತಪ್ಪಿದ್ದು ಕಾರಣ ಮಾತ್ರ. ಹಲ್ಲು ಮೂಡುವ ಆರು ತಿಂಗಳಿಂದ ಎರಡು ವರ್ಷದ ನಡುವಿನ ಕಾಲದಲ್ಲೇ ರೋಟಾವೈರಸ್ ಮಕ್ಕಳನ್ನು ಅತಿ ಹೆಚ್ಚು ನೆಲಕ್ಕೆ ಕೆಡವುತ್ತದೆ.

ಮಧ್ಯಾಹ್ನದ ಹೊತ್ತಿಗೆ ಕಣ್ಣುಗಳು ಗುಳಿ ಬೀಳುತ್ತವೆ. ಅತ್ತರೂ ಕಣ್ಣೀರಿಲ್ಲ. ನೆತ್ತಿಯ ಮೆತ್ತನೆಯ ಜಾಗ ತಗ್ಗಾಗುತ್ತದೆ. ವೈದ್ಯರು ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟು ನೋಡುತ್ತಾರೆ. ಚರ್ಮ ತಟ್ಟನೆ ಮಟ್ಟಸವಾಗಬೇಕು. ಎರಡು ಸೆಕೆಂಡ್ ಕಳೆದರೂ ಮಡಿಕೆ ಹಾಗೇ ನಿಂತಿದ್ದರೆ ಮೈಯ ನೀರು ಅಪಾಯದ ಮಟ್ಟಕ್ಕೆ ಇಳಿದಿದೆ ಎಂದರ್ಥ.

ಮಕ್ಕಳಲ್ಲಿ ಈ ವೈರಸ್ ಕಣ್ಣಿಗೆ ಬಿದ್ದದ್ದು 1973ರಲ್ಲಿ. ಮೆಲ್ಬರ್ನ್‌ನ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಯಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಾದ ಮಕ್ಕಳ ಸಣ್ಣ ಕರುಳಿನ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶಗಳ ಒಳಗೆ ದುಂಡನೆಯ ಕಣಗಳು ತುಂಬಿದ್ದವು. ನಡುವಿನ ಗುಂಬದಿಂದ ಗಾಲಿಯ ಕಡ್ಡಿಗಳಂತೆ ಹೊರಟ ಗೆರೆಗಳು, ಸುತ್ತ ಒಂದು ಪಟ್ಟಿ. ಲ್ಯಾಟಿನ್ ಭಾಷೆಯಲ್ಲಿ ರೋಟಾ ಎಂದರೆ ಚಕ್ರ, ಆ ಹೆಸರೇ ನಿಂತಿತು. ಮೂರು ಪದರದ ಕವಚ, ಒಳಗೆ 11 ತುಣುಕು ಆರ್‌ಎನ್‌ಎ. ಇಷ್ಟೇ ಅದರ ಸಂಸಾರ.

ಸಣ್ಣ ಕರುಳಿನ ಒಳಮೈಯನ್ನು ಟರ್ಕಿ ಟವೆಲ್ ಎಂದುಕೊಳ್ಳಿ. ಟವೆಲ್ಲಿನ ಎಳೆಗಳಂತೆ ಅಲ್ಲಿ ಲಕ್ಷಗಟ್ಟಲೆ ವಿಲ್ಲೈಗಳು ಎದ್ದು ನಿಂತಿವೆ. ಅವುಗಳ ತುದಿಯ ಕೋಶಗಳ ಕೆಲಸ ನೀರು, ಉಪ್ಪು, ಸಕ್ಕರೆಗಳನ್ನು ಹೀರಿಕೊಳ್ಳುವುದು. ರೋಟಾವೈರಸ್ ಸರಿಯಾಗಿ ಆ ತುದಿಗಳಿಗೇ ಕೈ ಹಾಕುತ್ತದೆ. ಕೋಶಗಳು ಸತ್ತು ಉದುರುತ್ತವೆ, ವಿಲ್ಲೈ ಮೋಟಾಗುತ್ತದೆ. ಅದು ಸಾಲದೆಂಬಂತೆ ವೈರಸ್ಸಿನ ಒಂದು ಪ್ರೋಟೀನು ವಿಷದಂತೆ ವರ್ತಿಸಿ, ಕೋಶಗಳಲ್ಲಿ ಕ್ಯಾಲ್ಸಿಯಂ ಏರುಪೇರು ಮಾಡಿ, ಅವು ಉಪ್ಪುನೀರನ್ನು ಕರುಳಿನೊಳಕ್ಕೆ ಸುರಿಯುವಂತೆ ಮಾಡುತ್ತದೆ. ಎನ್‌ಎಸ್‌ಪಿ4 ಎಂಬ ಈ ಪ್ರೋಟೀನಿನ ಗುಣ ಗೊತ್ತಾದದ್ದು 1996ರಲ್ಲಿ. ಅಲ್ಲಿಯವರೆಗೆ ಕರುಳಿನ ಮೇಲೆ ಇಂಥ ವಿಷ ಪ್ರಯೋಗ ಬ್ಯಾಕ್ಟೀರಿಯಾಗಳ ಕೆಲಸ ಎಂದೇ ಎಲ್ಲರೂ ತಿಳಿದಿದ್ದರು. ಹೀರುವುದು ನಿಂತು ಸುರಿಯುವುದು ಶುರುವಾದಾಗ ಹತ್ತು ಕಿಲೋ ತೂಗದ ಮಗು ಎಷ್ಟು ಹೊತ್ತು ತಡೆದೀತು? ಉಪ್ಪು, ಸಕ್ಕರೆ ಬೆರೆಸಿದ ಒಆರ್‌ಎಸ್ ನೀರು ಜೀವ ಉಳಿಸುವುದು ಇಲ್ಲಿಯೇ. ಉಳಿದ ಕೋಶಗಳಲ್ಲಿ ಸಕ್ಕರೆಯೂ ಉಪ್ಪೂ ಒಂದೇ ಬಾಗಿಲಿನಿಂದ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. ಆ್ಯಂಟಿಬಯಾಟಿಕ್‌ಗೆ ಈ ವೈರಸ್ಸಿನ ಮುಂದೆ ಕೆಲಸವೇ ಇಲ್ಲ.

ಕಾಯಿಲೆಯಾದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರಾರು ಕೋಟಿ ಕಣಗಳಿರಬಹುದು. ಸೋಂಕು ತಗುಲಲು ನೂರಕ್ಕಿಂತ ಕಡಿಮೆ ಸಾಕು. ಹಾಗಾಗಿಯೇ ಲಸಿಕೆ ಬರುವ ಮುನ್ನ, ಬಡ ದೇಶ ಶ್ರೀಮಂತ ದೇಶವೆನ್ನದೆ, ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಇದು ಒಮ್ಮೆಯಾದರೂ ತಗುಲುತ್ತಿತ್ತು. ಸಾಯುತ್ತಿದ್ದವರು ಮಾತ್ರ ಹೆಚ್ಚಾಗಿ ಬಡ ದೇಶಗಳ ಮಕ್ಕಳು. 2000ದ ಸುಮಾರಿಗೆ ವರ್ಷಕ್ಕೆ ಐದು ಲಕ್ಷಕ್ಕೂ ಹೆಚ್ಚು.

ಇಲ್ಲಿಂದ ಕಥೆ ವೆಲ್ಲೂರಿಗೆ ಬರುತ್ತದೆ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸಂಶೋಧನೆ ನಡೆಸಿದ ಸೂಕ್ಷ್ಮಜೀವಿ ವಿಜ್ಞಾನಿ ಗಗನ್‌ದೀಪ್ ಕಾಂಗ್ 2019ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದಾಗ, ಭಾರತದಲ್ಲೇ ಕೆಲಸ ಮಾಡುತ್ತ ಆ ಗೌರವ ಪಡೆದ ಮೊದಲ ಮಹಿಳೆ ಎಂದು ಪತ್ರಿಕೆಗಳು ಬರೆದವು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ತಂಡ ವೆಲ್ಲೂರಿನ ಕೊಳೆಗೇರಿಗಳಲ್ಲಿ 2002ರಲ್ಲಿ ಶುರು ಮಾಡಿದ ಕೆಲಸ. ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸುವುದು, ಭೇದಿ ಇರಲಿ ಬಿಡಲಿ ಎರಡು ವಾರಕ್ಕೊಮ್ಮೆ ಮಲದ ಮಾದರಿ ತರುವುದು, ಭೇದಿಯಾದರೆ ಮತ್ತೊಮ್ಮೆ ತರುವುದು. ಹೀಗೆ ಮೂರು ವರ್ಷ. ಲೆಕ್ಕ ಹಾಕಿದರೆ ಒಂದೊಂದು ಮಗುವಿನಿಂದ ಎಪ್ಪತ್ತಕ್ಕೂ ಹೆಚ್ಚು ಡಬ್ಬಿ. ಇಕ್ಕಟ್ಟಿನ ಓಣಿಗಳಲ್ಲಿ ಮನೆಮನೆ ಹತ್ತಿಳಿದು, ಕೂಲಿಗೆ ಹೊರಟು ನಿಂತ ತಾಯಿಯ ಮನ ಒಲಿಸಿ, ಆ ಡಬ್ಬಿಯನ್ನು ಪ್ರಯೋಗಾಲಯಕ್ಕೆ ಮುಟ್ಟಿಸಿದ ಕ್ಷೇತ್ರ ಕಾರ್ಯಕರ್ತೆಯರಿಲ್ಲದೆ ಈ ವಿಜ್ಞಾನವೇ ಇಲ್ಲ.

ಮೂರು ವರ್ಷ ಪೂರೈಸಿದ 373 ಮಕ್ಕಳ ಲೆಕ್ಕ 2011ರಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ, 1996ರಲ್ಲಿ, ಮೆಕ್ಸಿಕೊದ 200 ಮಕ್ಕಳ ಮೇಲೆ ನಡೆದ ಇಂಥದ್ದೇ ಅಧ್ಯಯನ ಪ್ರಕಟವಾಗಿತ್ತು. ಅಲ್ಲಿ ಎರಡು ಸಲ ಸೋಂಕು ತಗುಲಿದ ಮಗುವಿಗೆ ಆಮೇಲೆ ಜೋರಾದ ರೋಟಾವೈರಸ್ ಭೇದಿ ಬರಲೇ ಇಲ್ಲ. ವೆಲ್ಲೂರಿನಲ್ಲಿ ಹಾಗಾಗಲಿಲ್ಲ. ಆರು ತಿಂಗಳು ತುಂಬುವುದರೊಳಗೆ ಶೇ 56ರಷ್ಟು ಮಕ್ಕಳಿಗೆ ಸೋಂಕು ತಗುಲಿತ್ತು. ಮತ್ತೆ ಮತ್ತೆ ತಗುಲುತ್ತಲೇ ಇತ್ತು. ಮೂರು ಸಲ ತಗುಲಿದ ಮೇಲೂ ಜೋರಾದ ಕಾಯಿಲೆಯಿಂದ ಸಿಕ್ಕ ರಕ್ಷಣೆ ಶೇ 79 ಮಾತ್ರ.

ಬಾಯಿಗೆ ಹಾಕುವ ರೋಟಾವೈರಸ್ ಲಸಿಕೆ ಎಂದರೆ ಬಲಗುಂದಿಸಿದ ಸೋಂಕು, ಅಷ್ಟೇ. ಮೂರು ಸಲದ ನಿಜವಾದ ಸೋಂಕೇ ಪೂರ್ತಿ ಕಾಪಾಡದ ಕರುಳಿನಲ್ಲಿ ಹನಿ ಲಸಿಕೆಯಿಂದ ಎಷ್ಟು ನಿರೀಕ್ಷಿಸಬಹುದು? ಶ್ರೀಮಂತ ದೇಶಗಳಲ್ಲಿ ಶೇ 85ಕ್ಕೂ ಮಿಕ್ಕಿ ಕೆಲಸ ಮಾಡಿದ ಲಸಿಕೆಗಳು ಏಷ್ಯಾ, ಆಫ್ರಿಕಾಗಳ ಬಡ ನಾಡುಗಳಲ್ಲಿ ಶೇ 50–60ಕ್ಕೆ ಇಳಿದದ್ದಕ್ಕೆ ವೆಲ್ಲೂರಿನ ಡಬ್ಬಿಗಳು ಒಂದು ಅರ್ಥ ಕೊಟ್ಟವು.

ಹೀಗೇಕೆ? ತಾಯಿಯ ಎದೆಹಾಲಿನ ಪ್ರತಿಕಾಯಗಳು ಲಸಿಕೆಯ ವೈರಸ್ಸನ್ನು ಅಡಗಿಸುತ್ತಿರಬಹುದೆಂದು ದೆಹಲಿಯಲ್ಲಿ ಹನಿ ಹಾಕುವ ಮುಂಚೆ ಮತ್ತು ಆಮೇಲೆ ಅರ್ಧರ್ಧ ಗಂಟೆ ಹಾಲು ಕುಡಿಸದೆ ನೋಡಿದರು, ವ್ಯತ್ಯಾಸವಾಗಲಿಲ್ಲ. ವೆಲ್ಲೂರಿನಲ್ಲಿ ಸತುವು ಮತ್ತು ಒಳ್ಳೆಯ ಬ್ಯಾಕ್ಟೀರಿಯಾ ಕೊಟ್ಟು ನೋಡಿದರು, ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಪೋಲಿಯೊ ಹನಿಗೂ ಇದೇ ತೊಡಕಿತ್ತು. ಆ ಹನಿಗೆ ಮುಂಚೆ ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟಾಗ ಕರುಳಿನ ಕೆಟ್ಟ ಬ್ಯಾಕ್ಟೀರಿಯಾ ಕಡಿಮೆಯಾದವು, ಉರಿಯೂತದ ಗುರುತುಗಳೂ ತಗ್ಗಿದವು, ಲಸಿಕೆ ಮಾತ್ರ ಹೆಚ್ಚೇನೂ ಹತ್ತಲಿಲ್ಲ. ಈ ಸೋಲುಗಳನ್ನೂ ಆ ವಿಜ್ಞಾನಿಗಳು ಗೆಲುವಿನಷ್ಟೇ ವಿವರವಾಗಿ ಪ್ರಕಟಿಸಿದ್ದಾರೆ. ವಿಜ್ಞಾನದಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಇದನ್ನೇ.

ನಮ್ಮ ದೇಶದ ಲಸಿಕೆಯ ಬೀಜ ಸಿಕ್ಕಿದ್ದು ಕಾಯಿಲೆ ಬೀಳದ ಕೂಸುಗಳಲ್ಲಿ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್ ತಂಡ ಕಂಡ ನವಜಾತ ಶಿಶುಗಳ ಕರುಳಲ್ಲಿ ವೈರಸ್ ಇತ್ತು, ಭೇದಿ ಇರಲಿಲ್ಲ. ಆ ತಳಿಯ ಹೆಸರು 116ಇ. ಮನುಷ್ಯರ ವೈರಸ್ಸಿಗೆ ದನದ ವೈರಸ್ಸಿನ ಒಂದು ಜೀನು ತಾನಾಗಿ ಬೆರೆತು ಹುಟ್ಟಿದ ತಳಿ ಅದು. ಬೆಂಗಳೂರಿನ ಹಸುಗೂಸುಗಳಲ್ಲೂ ಅಂಥದ್ದೇ ಒಂದು ಸಿಕ್ಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅಧ್ಯಯನ ಮಾಡಿದ ಈ ಐ321ರ 11 ತುಣುಕುಗಳಲ್ಲಿ 9 ದನದ ವೈರಸ್ಸಿನವೇ. ಎರಡನ್ನೂ ಮಕ್ಕಳಲ್ಲಿ ಪರೀಕ್ಷಿಸಿದಾಗ ದೆಹಲಿಯ ತಳಿಗೆ ದೇಹ ಚೆನ್ನಾಗಿ ಸ್ಪಂದಿಸಿತು, ಬೆಂಗಳೂರಿನದು ಅಲ್ಲಿಗೇ ನಿಂತಿತು. ಹೈದರಾಬಾದಿನ ಭಾರತ್ ಬಯೋಟೆಕ್ 116ಇಯಿಂದ ರೋಟಾವ್ಯಾಕ್ ತಯಾರಿಸಿತು. ದೆಹಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು: ಜೋರಾದ ರೋಟಾವೈರಸ್ ಭೇದಿಯಿಂದ ರಕ್ಷಣೆ ಶೇ 55ರ ಆಸುಪಾಸು.

ಅರ್ಧಕ್ಕಿಂತ ತುಸು ಹೆಚ್ಚು, ಇಷ್ಟೇನಾ ಎಂದು ಮೂಗು ಮುರಿದವರಿದ್ದರು. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಊರಿನಲ್ಲಿ ಸಾವಿರ ಮಕ್ಕಳಲ್ಲಿ ಹತ್ತು ಮಂದಿಗೆ ಕಾಯಿಲೆ ಜೋರಾಗುತ್ತದೆ ಎನ್ನೋಣ. ಅಲ್ಲಿ ಶೇ 90ರ ಲಸಿಕೆ ಒಂಬತ್ತು ಮಕ್ಕಳನ್ನು ಉಳಿಸುತ್ತದೆ. ನಲವತ್ತು ಮಂದಿಗೆ ಜೋರಾಗುವ ಊರಿನಲ್ಲಿ ಶೇ 55ರ ಲಸಿಕೆ ಇಪ್ಪತ್ತೆರಡು ಮಕ್ಕಳನ್ನು ಉಳಿಸುತ್ತದೆ. ನಮ್ಮದು ಎರಡನೆಯ ಊರು. ಭೇದಿಯಿಂದ ಆಸ್ಪತ್ರೆ ಸೇರುತ್ತಿದ್ದ ನಮ್ಮ ಪುಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಗೆ ರೋಟಾವೈರಸ್ಸೇ ಕಾರಣವಾಗಿತ್ತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸರ್ಕಾರ ಉಚಿತವಾಗಿ ಕೊಡಲು ತೊಡಗಿದ ಲಸಿಕೆ 2019ರಲ್ಲಿ ದೇಶಕ್ಕೆಲ್ಲ ಹಬ್ಬಿತು. ಈಗ ನಮ್ಮ ಆರೋಗ್ಯ ಕೇಂದ್ರಗಳಲ್ಲೂ ತಾಯಿ ಕಾರ್ಡಿನಲ್ಲಿ 6, 10, 14ನೇ ವಾರದ ಮನೆಗಳಲ್ಲಿ ಅದರ ತಾರೀಖು ಬೀಳುತ್ತದೆ.

ಉಳಿದರ್ಧ ರಕ್ಷಣೆಯ ಹುಡುಕಾಟ ಮತ್ತೆ ಹಸುಗೂಸುಗಳತ್ತ ತಿರುಗಿದೆ. ರೂತ್ ಬಿಷಪ್ ಅವರ ಮೆಲ್ಬರ್ನ್ ತಂಡವೂ ಭೇದಿಯಾಗದ ನವಜಾತ ಶಿಶುಗಳಿಂದ ಒಂದು ತಳಿ ಎತ್ತಿಟ್ಟಿತ್ತು. ಅದರಿಂದ ಮಾಡಿದ ಲಸಿಕೆಯನ್ನು ಇಂಡೊನೇಷ್ಯಾದಲ್ಲಿ ಆರು ವಾರ ಕಾಯದೆ, ಹುಟ್ಟಿದ ಐದು ದಿನದೊಳಗೇ ಮೊದಲ ಸಲ ಬಾಯಿಗೆ ಹಾಕಿದರು. ಕರುಳಿಗೆ ಇನ್ನೂ ಹೊರಗಿನ ಕೊಳೆ ತಾಕಿರದ ಹೊತ್ತು ಅದು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಒಂದೂವರೆ ವರ್ಷದವರೆಗೆ ಜೋರಾದ ರೋಟಾವೈರಸ್ ಭೇದಿಯಿಂದ ಆ ಮಕ್ಕಳಿಗೆ ಸಿಕ್ಕ ರಕ್ಷಣೆ ಶೇ 75.