ವಿವಾದದ ವಿಷಯವೂ ಬರೆಯುವವನ ಅಧಿಕಾರವೂ

ವಿವಾದಾಸ್ಪದವಾದ ವಿಷಯವನ್ನು ಕುರಿತು ಒಬ್ಬನು ಬರೆದರೆ, ‘ಇದನ್ನು ಹೇಳಲು ಇವನಾರು?’ ಎಂದು ನಾವು ಮೊದಲು ಕೇಳುತ್ತೇವೆ. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನನು ಈ ಪ್ರಶ್ನೆಗೆ ಅಂಜಿದವನು. ಜೀವಜಾತಿಗಳು ಮಾರ್ಪಡುತ್ತವೆಂಬ ವಾದವನ್ನು 1844ರಲ್ಲಿಯೇ ಬರೆದಿಟ್ಟಿದ್ದರೂ ಅಚ್ಚುಹಾಕಿಸಲಿಲ್ಲ. ಅನೇಕ ಜಾತಿಗಳನ್ನು ಸ್ವತಃ ಪರೀಕ್ಷಿಸದವನಿಗೆ ಈ ಚರ್ಚೆಯ ಅಧಿಕಾರವಿಲ್ಲವೆಂದು ಮಿತ್ರನಾದ ಹೂಕರನು 1845ರಲ್ಲಿ ಬೇರೊಬ್ಬ ಲೇಖಕನನ್ನು ಕುರಿತು ಬರೆದನು. ಆ ಮಾತು ಡಾರ್ವಿನನಿಗೇ ನಾಟಿತು. 1846ರಿಂದ 1854ರವರೆಗೆ ಆತನು, ಕಡಲಿನ ಬಂಡೆಗಳಿಗೂ ಹಡಗುಗಳಿಗೂ ಅಂಟಿ ಬಾಳುವ ಬಾರ್ನಕಲ್ ಎಂಬ ಚಿಪ್ಪುಳ್ಳ ಪ್ರಾಣಿಗಳನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ನೋಡಿದನು. ಇಷ್ಟು ಕಾಲ ವ್ಯಯಿಸಿದ್ದು ಯುಕ್ತವೇ ಎಂದು ಮುಂದೆ ತಾನೇ ಸಂದೇಹಪಟ್ಟನು. ಯುಕ್ತವೆಂದೇ ನಾವು ಹೇಳುತ್ತೇವೆ. 1853ರಲ್ಲಿ ರಾಯಲ್ ಸೊಸೈಟಿಯು ಆತನಿಗೆ ಪದಕವಿತ್ತಿತು. 1859ರ ಗ್ರಂಥದಲ್ಲಿಯಾದರೋ, ತನ್ನ ವಾದದ ತೊಡಕುಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ವಿರೋಧಿಗಳು ಕೆರಳಿದರು, ಆದರೆ ಪ್ರಾಣಿಶಾಸ್ತ್ರವನ್ನರಿಯದವನೆಂದು ಆತನನ್ನು ತಳ್ಳಿಹಾಕುವುದು ಸುಲಭವಾಗಲಿಲ್ಲ.