ಮನೆ ಅಲ್ಲೇ ಇದೆ, ವಿಳಾಸ ಬದಲಾಗಿದೆ

ಇವತ್ತು ವಿಳಾಸದ ಬಗ್ಗೆ ಮಾತಾಡೋಣ.

ಇಳಕಲ್‌ನಲ್ಲಿರೋ ನಮ್ಮ ಚಿಗವ್ವನಿಗೆ ಎಟಿಎಂ ಕಾರ್ಡ್ ಬರಬೇಕಿತ್ತು. 'ವಿಳಾಸ ಸಿಗಲಿಲ್ಲ' ಅಂತ ಬ್ಯಾಂಕಿಗೆ ವಾಪಸ್ ಹೋಯ್ತು. ಚಿಗವ್ವ ಕೇಳಿದ್ದು ಒಂದೇ ಮಾತು: "ತಮ್ಮಾ, ಮನಿ ಎಲ್ಲಿ ಹೋಗೇತಿ? ನಾ ಲಗ್ನಾಗಿ ಬಂದಾಗಿಂದ ಇಲ್ಲೇ ಐತಲ್ಲ!"

ನಿಜ, ಮನೆ ಕದಲಿಲ್ಲ. ಬದಲಾಗಿದ್ದು ಸುತ್ತಲಿನ ಹೆಸರುಗಳು. ಮೊದಲು ಅದು ಬಿಜಾಪುರ ಜಿಲ್ಲೆ, ಹುನಗುಂದ ತಾಲ್ಲೂಕು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬಂತು. ಆಮೇಲೆ ಇಳಕಲ್ಲೇ ತಾಲ್ಲೂಕಾಯ್ತು. ಅತ್ತ ಬಿಜಾಪುರವೂ 2014ರಲ್ಲಿ ವಿಜಯಪುರವಾಯ್ತು. ಚಿಗವ್ವನ ಪಡಿತರ ಚೀಟಿಯಲ್ಲಿ ಒಂದು ವಿಳಾಸ, ಆಧಾರ್‌ನಲ್ಲಿ ಇನ್ನೊಂದು. ಇಂಗ್ಲಿಷ್‌ನಲ್ಲಿ ಬರೆದರೆ ಇಲ್ಕಲ್, ಇಳಕಲ್, ಹುನಗುಂದ್, ಹುನಗುಂದ ಅಂತ ಸ್ಪೆಲಿಂಗ್ ಬೇರೆ ಬೇರೆ. ನಮಗೆ ಗೊತ್ತಾಗುತ್ತೆ, ಅಕ್ಷರ ಹೋಲಿಸೋ ಕಂಪ್ಯೂಟರ್‌ಗೆ ಗೊತ್ತಾಗಲ್ಲ.

ಹಾಗಾದ್ರೆ ಕಂಪನಿಗಳು ಏನು ಮಾಡ್ತವೆ? ಮೊದಲು ಉದ್ದದ ವಿಳಾಸವನ್ನು ತುಂಡು ಮಾಡ್ತವೆ: ಮನೆ ನಂಬರ್, ಓಣಿ, ಗುರುತು, ಊರು, ತಾಲ್ಲೂಕು, ಜಿಲ್ಲೆ, ಪಿನ್. ಎರಡನೆಯದು, ಹಳೇ ಹೆಸರು ಮತ್ತು ತಪ್ಪು ಸ್ಪೆಲಿಂಗ್‌ಗಳನ್ನು ಒಂದೇ ರೂಪಕ್ಕೆ ತರ್ತವೆ. ಮೂರನೆಯದು, ಅಂಚೆ ಇಲಾಖೆಯ ಪಟ್ಟಿಯೊಂದಿಗೆ ತಾಳೆ ನೋಡ್ತವೆ.

ಈ ತಾಳೆಗೆ ಆಧಾರ 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರು ಅಂಕಿಯ ಪಿನ್ ಕೋಡ್. ಮೊದಲ ಮೂರು ಅಂಕಿ ಪತ್ರ ವಿಂಗಡಣೆಯ ಪ್ರದೇಶ, ಕೊನೆಯ ಮೂರು ಅಂಚೆ ಕಚೇರಿ. ಬಾಗಲಕೋಟೆ 587101, ಬಾದಾಮಿ 587201, ಹುನಗುಂದ 587118, ಇಳಕಲ್ 587125. ಜಿಲ್ಲೆ, ತಾಲ್ಲೂಕು ಬದಲಾದ್ರೂ ಪಿನ್ ತಾನಾಗಿ ಬದಲಾಗಲ್ಲ.

ಚಿಗವ್ವನ ಅರ್ಜಿಯಲ್ಲಿ ಆಗಿದ್ದೇ ಇಲ್ಲಿ. ಊರು ಇಳಕಲ್, ಪಿನ್ ಮಾತ್ರ ಜಿಲ್ಲಾ ಕೇಂದ್ರದ್ದು, 587101. ಬರೀ ಪಿನ್ ನೋಡಿದ್ರೆ ಅದು ಸರಿಯಾದ ಪಿನ್ನೇ. ಊರಿಗೂ ಪಿನ್ನಿಗೂ ಹೋಲಿಸಿದ್ರೆ ಮಾತ್ರ ತಪ್ಪು ಸಿಕ್ತಿತ್ತು. ಯಾರೂ ಹೋಲಿಸಿರಲಿಲ್ಲ.

ಕ್ಯಾಶ್ ಆನ್ ಡೆಲಿವರಿಯಲ್ಲಿ ಇಳಕಲ್ ಸೀರೆ ಕಳಿಸೋರಿಗೆ ಇದು ನೇರ ನಷ್ಟ. ಪಾರ್ಸೆಲ್ ತಿರುಗಿ ಬಂದ್ರೆ ಹೋದ ಖರ್ಚು, ಬಂದ ಖರ್ಚು ಎರಡೂ ಸಾಮಾನ್ಯವಾಗಿ ಮಾರುವವರ ತಲೆ ಮೇಲೆ. ಕಳಿಸೋ ಮುಂಚೆ ಪಿನ್, ಊರು ತಾಳೆ ನೋಡೋಕೆ ಒಂದು ನಿಮಿಷ ಸಾಕು.

ಆದ್ರೂ ಒಂದು ಮಿತಿ ಇದೆ. ಬಾಗಲಕೋಟೆ ನವನಗರದಲ್ಲಿ ಸೆಕ್ಟರ್, ಪ್ಲಾಟ್ ನಂಬರ್ ಇದೆ, ಯಂತ್ರಕ್ಕೆ ಸುಲಭ. 'ಅಗಸಿ ಹತ್ರ, ಹನುಮಪ್ಪನ ಗುಡಿ ಹಿಂದ' ಅನ್ನೋದನ್ನು ಪಟ್ಟಿಯಲ್ಲಿ ಹುಡುಕೋದು ಕಷ್ಟ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಸುಮಾರು ನಾಲ್ಕು ಮೀಟರ್ ಚೌಕದ ಜಾಗವನ್ನು ಹತ್ತು ಅಕ್ಷರ-ಅಂಕಿಗಳಲ್ಲಿ ಹೇಳುತ್ತೆ. ಆದ್ರೆ ಜಾಗ ಸಿಕ್ಕ ಮಾತ್ರಕ್ಕೆ ಅಲ್ಲಿ ಯಾರಿದ್ದಾರೆ ಅಂತ ಗೊತ್ತಾಗಲ್ಲ. ಅದಕ್ಕೆ ಫೋನ್ ಕರೆ ಬೇಕು, ಇಲ್ಲಾ ಓಣಿ ಬಲ್ಲ ಪೋಸ್ಟ್‌ಮನ್ ಬೇಕು.

ಚಿಗವ್ವನ ಪಿನ್ ತಿದ್ದಿಸಿದ್ವಿ, ಮೊಬೈಲ್ ನಂಬರ್ ಸೇರಿಸಿದ್ವಿ. ಕಾರ್ಡ್ ಬಂತು. ನೀವೂ ಇವತ್ತೇ ನಿಮ್ಮ ಪಾಸ್‌ಬುಕ್, ಆಧಾರ್ ಪಕ್ಕ ಪಕ್ಕ ಇಟ್ಟು ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.