ದಿಲ್ಲಿಯ ಬಸ್ಸೂ ನನ್ನ ಕರವಸ್ತ್ರವೂ

1997ರ ಚಳಿಗಾಲದಲ್ಲಿ ನಾನು ದಿಲ್ಲಿಯಲ್ಲಿದ್ದೆ. ಬಸ್ಸಿಗಾಗಿ ಕಾದು, ಮನೆಗೆ ಬಂದು ಮುಖ ಒರೆಸಿಕೊಂಡರೆ ಕರವಸ್ತ್ರವೆಲ್ಲ ಕಾಡಿಗೆ. ಡೀಸೆಲ್ ಬಸ್ಸುಗಳು ಉಗುಳಿದ ಮಸಿಯದು.

1998ರಲ್ಲಿ ಸರ್ವೋಚ್ಚ ನ್ಯಾಯಾಲಯವು, ನಗರದ ಬಸ್ಸುಗಳೆಲ್ಲ ಸಿ.ಎನ್.ಜಿ. ಅನಿಲದಿಂದಲೇ ಓಡತಕ್ಕದ್ದೆಂದು ಆಜ್ಞಾಪಿಸಿತು. ಆ ಅನಿಲಕ್ಕಾಗಿ ಗಂಟೆಗಟ್ಟಲೆ ಸಾಲುಗಟ್ಟಿ ನಿಂತ ಆಟೋ ಚಾಲಕರ ಬವಣೆ ಇಂದು ಎಷ್ಟು ಮಂದಿಗೆ ನೆನಪಿದೆಯೋ! ಶುದ್ಧ ಗಾಳಿಯ ಬೆಲೆಯನ್ನು ಮೊದಲು ತೆತ್ತವರು ಅವರೇ. 2002ರ ಕೊನೆಯ ವೇಳೆಗೆ ನಗರದ ಡೀಸೆಲ್ ಬಸ್ಸುಗಳು ಮರೆಯಾದವು. ಬಸ್ಸಿನ ಹಿಂದೆ ನಿಂತೂ ಉಸಿರಾಡಬಹುದಾಯಿತು.

ಆದರೆ ಇಂಥ ನಿಯಮವು ಒಂದೊಂದು ವಾಹನದ ಹೊಗೆಯನ್ನು ಅಳೆಯುತ್ತದೆಯೇ ಹೊರತು ವಾಹನಗಳ ಸಂಖ್ಯೆಗೆ ಕಡಿವಾಣ ಹಾಕದು. 2018ರಲ್ಲಿ ಭಾರತ್ ಸ್ಟೇಜ್ 6 ಇಂಧನ ದಿಲ್ಲಿಗೆ ಬಂದು, ಅದರಲ್ಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಆ ಬಳಿಕ ಒಂದು ಚಳಿಗಾಲದಲ್ಲಿ ಮತ್ತೆ ಹೋಗಿದ್ದೆ. ಕರವಸ್ತ್ರವೇನೋ ಬೆಳ್ಳಗೇ ಉಳಿಯಿತು. ಕಣ್ಣು ಮಾತ್ರ ದಿನವಿಡೀ ಉರಿಯಿತು.